ತಪ್ಪದೇ ತಪ್ಪುವ ತೂಕದ ಸಾಹೇಬರು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಮನುಷ್ಯನಿಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತೂಗುವ ಚಟ ಹತ್ತುವುದು ಸಹಜ. ನಮ್ಮ ತೂಕದ ಸಾಹೇಬರಿಗೆ ಅದು ಸ್ವಲ್ಪ ಅತಿಯಾಗಿಯೇ ಹತ್ತಿತ್ತು. ಅಂಗಡಿಯವರ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಹೊಡೆಯುವುದು ಅವರ ಕೆಲಸ. ಆದರೆ ಕಚೇರಿ ಬಾಗಿಲು ಹಾಕಿದ ಮೇಲೂ ಅವರ ತಲೆಯೊಳಗಿನ ತಕ್ಕಡಿ ತೂಗುತ್ತಲೇ ಇರುತ್ತಿತ್ತು. "ಚಿಕ್ಕಪ್ಪನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಒಂದಿನ್ನೂರು ಗ್ರಾಂ ಇರಬಹುದು" ಎಂದೋ, "ಇವತ್ತು ಮಳೆ ಬರೋ ಸಂಭವ ಮುಕ್ಕಾಲು ಕಿಲೋ" ಎಂದೋ ಗಂಭೀರವಾಗಿ ಹೇಳುವರು. ಜನ ಛತ್ರಿ ಮನೆಯಲ್ಲೇ ಬಿಟ್ಟು ಹೊರಡುವರು.

ವಿಶ್ವಕಪ್ ಶುರುವಾಗುವ ಹಿಂದಿನ ಭಾನುವಾರ ಸಾಹೇಬರು ಬೀದಿ ತುದಿಯ ಸಲೂನಿನಲ್ಲಿ, ಕತ್ತಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದರು. ಸಲೂನಿನಾತ ಕನ್ನಡಿಯ ಪಕ್ಕ ಹತ್ತು ತಂಡಗಳ ಪಟ್ಟಿ ಅಂಟಿಸಿದ್ದ. ಕಾಯುತ್ತಿದ್ದವರೆಲ್ಲ ತಮ್ಮ ಸರದಿ ಮರೆತು ವಾದಕ್ಕೆ ಬಿದ್ದಿದ್ದರು. ಕೊನೆಗೆ ಸಲೂನಿನಾತ ಕತ್ತರಿಯನ್ನು ಗಾಳಿಯಲ್ಲಿ ನಿಲ್ಲಿಸಿ, "ಸಾಹೇಬ್ರೇ, ನೀವು ತೂಗಿ ಹೇಳಿಬಿಡಿ" ಅಂದ.

ಸಾಹೇಬರು ಕನ್ನಡಿಯಲ್ಲಿ ತಮ್ಮನ್ನೇ ಒಮ್ಮೆ ನೋಡಿಕೊಂಡು ಗಂಟಲು ಸರಿಮಾಡಿಕೊಂಡರು. "ಕಳೆದ ಸಲ ಗೆದ್ದವರು ಐದು ಕಿಲೋ. ದ್ವೀಪದವರು ನಾಲ್ಕೂವರೆ. ಆ ಎತ್ತರದ ಬೌಲರುಗಳಿದಾರಲ್ಲ, ಅವರು ನಾಲ್ಕು ಕಾಲು."

"ನಮ್ಮವರು ಸಾರ್?"

"ನಮ್ಮವರು," ಸಾಹೇಬರು ಕಣ್ಣು ಮುಚ್ಚಿ ತೂಗಿದರು, "ಐವತ್ತು ಗ್ರಾಂ. ಅದೂ ಪೊಟ್ಟಣದ ಕಾಗದ ಸೇರಿ. ಮೊದಲ ಸುತ್ತು ದಾಟಿದ್ರೆ ನನ್ನ ಹೆಸರು ಬದಲಾಯಿಸಿ."

ಈ ಮಾತು ಹೊರಬಿದ್ದ ಗಳಿಗೆಯಲ್ಲೇ ಅವರ ಹೆಂಡತಿ ತರಕಾರಿ ಚೀಲ ಹಿಡಿದು ಸಲೂನಿನ ಬಾಗಿಲ ಮುಂದೆ ಹಾದುಹೋಗುತ್ತಿದ್ದರು. ಅವರು ಒಂದು ಕ್ಷಣ ನಿಂತು ಕೇಳಿಸಿಕೊಂಡು ಮುಂದೆ ಹೋದರು. ಸಾಹೇಬರ ಜೀವನದಲ್ಲಿ ಆಗುವ ದೊಡ್ಡ ದೊಡ್ಡ ಘಟನೆಗಳೆಲ್ಲ ಹೀಗೆ ಸದ್ದಿಲ್ಲದೆಯೇ ಶುರುವಾಗುವುದು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಬಡಿಸುತ್ತಾ ಕೇಳಿದರು: "ಹಾಗಾದ್ರೆ ಫೈನಲ್‌ಗೆ ನಮ್ಮವರು ಇರಲ್ಲ ಅಂತಾಯ್ತು?"

"ಇರಲ್ಲ."

"ಖಂಡಿತ?"

"ಮುದ್ರೆ ಹೊಡೆದು ಕೊಡ್ಲಾ?"

"ಬೇಡ, ಬಾಯಲ್ಲಿ ಹೇಳಿದ್ರೆ ಸಾಕು. ಆ ದಿನ ನಿಮಗೆ ಬೇರೇನೂ ಕೆಲಸ ಇಲ್ಲ ತಾನೇ?"

"ನಮ್ಮವರಿಲ್ಲದ ಫೈನಲ್ ಯಾರು ನೋಡ್ತಾರೆ? ನನಗೆ ಪೂರ್ತಿ ಬಿಡುವು."

ಸಾಹೇಬರು ಎರಡನೇ ಸಲ ಸಾರು ಹಾಕಿಸಿಕೊಳ್ಳುವಷ್ಟರಲ್ಲಿ ಹೆಂಡತಿ ಒಳಗೆ ಹೋಗಿ ಪ್ರವಾಸದ ಏಜೆಂಟರಿಗೆ ಫೋನು ಮಾಡಿ ಬಂದಾಗಿತ್ತು. ಕಣಿವೆಯ ವಸತಿಗೃಹದಲ್ಲಿ ಫೈನಲ್‌ನ ಹಿಂದಿನ ದಿನದಿಂದ ಮೂರು ದಿನಕ್ಕೆ ಕೋಣೆ ಗೊತ್ತುಮಾಡಿಯಾಗಿತ್ತು. ಆ ವಾರ ದೇಶವೆಲ್ಲ ಟೀವಿ ಮುಂದೆ ಕೂರುವುದರಿಂದ ಎಲ್ಲ ಕೋಣೆಯೂ ಖಾಲಿಯಂತೆ. ಕಿಟಕಿ ಯಾವ ದಿಕ್ಕಿಗೆ ಬೇಕು ಎಂದು ಕೂಡ ಕೇಳಿದರಂತೆ.

ಆ ಕಣಿವೆಯ ವಿಷಯ ಸ್ವಲ್ಪ ಹೇಳಬೇಕು. ಎರಡು ಬೆಟ್ಟಸಾಲುಗಳ ನಡುವೆ, ಹಸಿರಿನೊಳಗೆ ನದಿಯೊಂದು ಬಳುಕಿ ಹರಿಯುವ ಜಾಗ. ಮದುವೆಯಾದ ಹೊಸದರಲ್ಲಿ ಹೆಂಡತಿ ಅಲ್ಲಿಗೆ ಹೋಗೋಣ ಅಂದಿದ್ದರು. ಸಾಹೇಬರು ಹೂಂ ಅಂದಿದ್ದರು. ಹನ್ನೊಂದು ವರ್ಷದಿಂದ ಹೂಂ ಅನ್ನುತ್ತಲೇ ಇದ್ದರು.

ಪಂದ್ಯಾವಳಿ ಶುರುವಾಯಿತು. ಮೊದಲ ಪಂದ್ಯದ ದಿನ ಸಾಹೇಬರು ಸಲೂನಿನ ಮೆಟ್ಟಿಲ ಮೇಲೆ ನಿಂತು "ಇವತ್ತು ಸೋಲ್ತೀವಿ" ಎಂದು ಘೋಷಿಸಿದರು. ನಮ್ಮವರು ಗೆದ್ದರು. ಎರಡನೆಯ ಪಂದ್ಯಕ್ಕೆ "ಮೊನ್ನೆಯದು ಕಣ್ತಪ್ಪಿ ಆದದ್ದು, ಇವತ್ತು ಸೋಲು ನಿಕ್ಕಿ" ಅಂದರು. ನಮ್ಮವರು ನೂರಿಪ್ಪತ್ತು ರನ್ನಿನಿಂದ ಗೆದ್ದರು. ಸಾಹೇಬರು ಇಡೀ ಸಂಜೆ ತಕ್ಕಡಿಯನ್ನು ಮರುಪರಿಶೀಲಿಸಿ, ಮೂರನೆಯ ಪಂದ್ಯಕ್ಕೆ "ಆಯ್ತಪ್ಪ, ಒಪ್ಕೊಂಡೆ, ನಮ್ಮವರು ಚೆನ್ನಾಗಿ ಆಡ್ತಿದಾರೆ, ಇವತ್ತೂ ಗೆಲ್ತಾರೆ" ಎಂದು ದೊಡ್ಡ ಮನಸ್ಸು ಮಾಡಿದರು. ಆವತ್ತು ನಮ್ಮ ತಂಡ ಅರವತ್ತೆಂಟಕ್ಕೆ ಆಲೌಟಾಯಿತು.

ಇದನ್ನು ಮೊದಲು ಗಮನಿಸಿದವರು ಸಲೂನಿನ ಎದುರು ಮನೆಯ ಹೆಡ್ಮಿಸ್ಸು. ನಿವೃತ್ತರಾಗಿ ಆರು ವರ್ಷವಾದರೂ ಬೀದಿಯನ್ನು ತರಗತಿಯೆಂದೇ ತಿಳಿದಿದ್ದವರು. ಕನ್ನಡಕ ಏರಿಸಿಕೊಂಡು ರಸ್ತೆ ದಾಟಿ ಬಂದು ಸಲೂನಿನ ಬಾಗಿಲಲ್ಲಿ ನಿಂತು ಹೇಳಿದರು:

"ಮೂವತ್ತೆರಡು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದೀನಿ. ಎಂಥ ದಡ್ಡನೂ ಒಂದೊಂದ್ಸಲ ಕೈತಪ್ಪಿ ಸರಿ ಉತ್ತರ ಬರೆದುಬಿಡ್ತಾನೆ. ಹೀಗೆ ತಪ್ಪದೇ ತಪ್ಪೋದು ಅಂದ್ರೆ ಅದು ಸಾಮಾನ್ಯ ವಿದ್ಯೆ ಅಲ್ಲ. ಇವರು ಏನು ಹೇಳ್ತಾರೋ ಅದಕ್ಕೆ ಉಲ್ಟಾ ಆಗುತ್ತೆ."

ಅರ್ಧ ಗಡ್ಡ ಹೆರೆಸಿಕೊಂಡಿದ್ದವನೊಬ್ಬ ಎದ್ದು ನಿಂತ.

ಆ ದಿನದಿಂದ ಸಾಹೇಬರ ಬದುಕೇ ಬೇರೆಯಾಯಿತು. ಪಂದ್ಯದ ದಿನ ಬೆಳಿಗ್ಗೆ ಅವರು ಮನೆಯಿಂದ ಹೊರಬೀಳುವುದನ್ನೇ ಕಾದು ಬೀದಿಯವರು ಸಾಲಾಗಿ ನಿಲ್ಲುವರು. "ಸಾರ್, ಇವತ್ತು ಸೋಲ್ತೀವಿ ತಾನೇ?" ಎಂದು ದಿನಸಿ ಅಂಗಡಿಯವನು ಕೈಮುಗಿಯುವನು. "ಹೀನಾಯವಾಗಿ ಸೋಲ್ತೀವಿ ಅನ್ನಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಇಸ್ತ್ರಿಯವನು ಗೋಗರೆಯುವನು. ಬೇರೆ ಬಡಾವಣೆಯಿಂದ ಬಂದ ಬಸ್ ಕಂಡಕ್ಟರೊಬ್ಬ ಇದನ್ನು ಕೇಳಿ, ಇವರೆಲ್ಲ ದೇಶದ್ರೋಹಿಗಳೆಂದು ಭಾವಿಸಿ, ಬಸ್ಸು ನಿಲ್ಲಿಸಿ ಜಗಳಕ್ಕೇ ಇಳಿದಿದ್ದ. ಅವನಿಗೆ ವಿಷಯ ತಿಳಿಸಿ ಸಮಾಧಾನ ಮಾಡಿದ ಮೇಲೆ ಅವನೂ ಸಾಹೇಬರ ಕೈ ಹಿಡಿದು, "ಸಾರ್, ನಮ್ಮ ನಾಯಕ ಸೊನ್ನೆಗೆ ಔಟಾಗ್ತಾನೆ ಅಂತ ಒಂದ್ಮಾತು ಹೇಳಿ ಸಾರ್" ಅಂದ. ಸಾಹೇಬರು ಹೇಳಿದರು. ನಾಯಕ ಶತಕ ಬಾರಿಸಿದ.

ನಾಲ್ಕನೆಯದು ಗೆದ್ದದ್ದಾಯಿತು, ಐದನೆಯದಾಯಿತು, ಆರನೆಯದಾಯಿತು. ಸಲೂನಿನಲ್ಲಿ ಸಾಹೇಬರಿಗೆ ಸರದಿಯೇ ಇಲ್ಲ. ಇಷ್ಟು ಮರ್ಯಾದೆ ಅವರಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ನಮ್ಮವರು ಸೆಮಿಫೈನಲ್ ತಲುಪಿದ ಸಂಜೆ ಬೀದಿಯ ಜನ ಅವರನ್ನು ಹೆಗಲ ಮೇಲೆ ಎತ್ತಿ ಕುಣಿಯುತ್ತಿದ್ದರು. ಅಷ್ಟೆತ್ತರದಿಂದ ಸಾಹೇಬರಿಗೆ ತಮ್ಮ ಮನೆಯ ಕಿಟಕಿ ಕಾಣಿಸಿತು. ಒಳಗೆ ಹೆಂಡತಿ ಹಾಡು ಗುನುಗುತ್ತಾ ಸ್ವೆಟರುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

ಆ ಪೆಟ್ಟಿಗೆ ಯಾವ ದಿನಕ್ಕೆಂದು ಸಾಹೇಬರಿಗೆ ಆಗ ನೆನಪಾಯಿತು. ಇನ್ನೊಂದು ಪಂದ್ಯ ಗೆದ್ದರೆ ಫೈನಲ್. ನಮ್ಮವರು ಇಪ್ಪತ್ತು ವರ್ಷದ ಮೇಲೆ ಫೈನಲ್ ಆಡುವಾಗ ತಾವು ಎಲ್ಲಿರಬೇಕು? ಟೀವಿ ಇದೆಯೋ ಇಲ್ಲವೋ ಗೊತ್ತಿಲ್ಲದ ಕಣಿವೆಯಲ್ಲಿ!

ಮನೆಗೆ ಬಂದವರೇ ಮೆಲ್ಲಗೆ ಎತ್ತಿದರು: "ಅಲ್ಲ ಕಣೇ, ಪ್ರವಾಸ ಒಂದು ವಾರ ಮುಂದಕ್ಕೆ ಹಾಕಿದ್ರೆ ಹೇಗೆ? ಹವಾಮಾನ ಯಾಕೋ—"

ಹೆಂಡತಿ ಸ್ವೆಟರು ಮಡಚುವುದನ್ನು ನಿಲ್ಲಿಸಲಿಲ್ಲ. "ಮದುವೆಯಾದ ವಾರ ಹೋಗಬೇಕಿತ್ತು, ಟೆಸ್ಟ್ ಸರಣಿ ಅಂದ್ರಿ. ಮಾರನೇ ವರ್ಷ, ಯಾರೋ ನಿವೃತ್ತಿ ಆಗ್ತಿದಾರೆ, ಕೊನೇ ಆಟ ಅಂದ್ರಿ. ಆಮೇಲೆ ಅದೇ ಮನುಷ್ಯ ನಿವೃತ್ತಿ ವಾಪಸ್ ತಗೊಂಡ, ಮೊದಲ ಆಟ ಅಂದ್ರಿ. ಆರನೇ ವರ್ಷ ಟಿಕೆಟ್ ತೆಗೆದಾದ ಮೇಲೆ, ಮಳೆ ಬಂದು ನಿಂತ ಪಂದ್ಯ ಮಾರನೇ ದಿನಕ್ಕೆ ಹೋಯ್ತು ಅಂದ್ರಿ. ಇನ್ನೂ ಹೇಳ್ಲಾ?"

"ಬೇಡ."

"ಈ ಸಲ ನೀವೇ ಅಂದಿದ್ದು, ಪೂರ್ತಿ ಬಿಡುವು ಅಂತ."

ಸಾಹೇಬರು ಆ ರಾತ್ರಿ ಊಟ ಮಾಡುತ್ತಲೇ ಒಂದು ಉಪಾಯ ಕಂಡುಕೊಂಡರು. ಸೆಮಿಫೈನಲ್‌ನಲ್ಲಿ ನಮ್ಮವರು ಗೌರವಯುತವಾಗಿ, ಯಾರಿಗೂ ಹೆಚ್ಚು ನೋವಾಗದ ಹಾಗೆ, ಒಂದೆರಡು ರನ್ನಿನಿಂದ ಸೋತುಬಿಟ್ಟರೆ? ಅದಕ್ಕೆ ತಾವು ಮಾಡಬೇಕಾದದ್ದು ಇಷ್ಟೇ. ಗೆಲ್ತೀವಿ ಅನ್ನಬೇಕು.

ಮಾರನೆಯ ಬೆಳಿಗ್ಗೆ ಸಲೂನಿನ ಮೆಟ್ಟಿಲ ಮೇಲೆ ನಿಂತು, "ಈ ಸೆಮಿಫೈನಲ್ ಇದೆಯಲ್ಲ, ನಮ್ಮವರು ನೂರಕ್ಕೆ ನೂರು ಗೆ—" ಅನ್ನುವಷ್ಟರಲ್ಲಿ ಸಲೂನಿನಾತ ಹಾರಿ ಬಂದು ಅವರ ಬಾಯಿಗೆ ಬಿಸಿನೀರಿನ ಟವೆಲು ಒತ್ತಿದ. ಇಸ್ತ್ರಿಯವನು ಎರಡೂ ಕಿವಿ ಮುಚ್ಚಿಕೊಂಡು ಓಡಿದ. ಹೆಡ್ಮಿಸ್ಸು ಎದುರು ಮನೆಯಿಂದಲೇ, "ಪೂರ್ತಿ ಹೇಳಿಲ್ಲ! ವಾಕ್ಯ ಪೂರ್ಣ ಆಗಿಲ್ಲ! ಕ್ರಿಯಾಪದ ಬಂದಿಲ್ಲ!" ಎಂದು ಕೂಗಿ ಜನರಲ್ಲಿ ಧೈರ್ಯ ತುಂಬಿದರು.

ಸುದ್ದಿ ಸಾಹೇಬರಿಗಿಂತ ಮೊದಲೇ ಅವರ ಕಚೇರಿ ತಲುಪಿತು. ಮೇಲಧಿಕಾರಿ ಒಳಗೆ ಕರೆದರು. ಮೇಜಿನ ಮೇಲೆ ಹಿತ್ತಾಳೆಯ ಬಟ್ಟುಗಳನ್ನು ಹನ್ನೊಂದು ಆಟಗಾರರ ಹಾಗೆ ಜೋಡಿಸಿಟ್ಟುಕೊಂಡಿದ್ದ ಈ ಮಹನೀಯರು ಕ್ರಿಕೆಟ್ ವಿಷಯದಲ್ಲಿ ತಮಾಷೆ ಸಹಿಸುತ್ತಿರಲಿಲ್ಲ.

"ಏನ್ರೀ ಇದು? ನೀವು ಬೆಳಿಗ್ಗೆ ಗೆಲ್ತೀವಿ ಅನ್ನೋಕೆ ಹೊರಟಿದ್ರಂತೆ?"

"ಸಾರ್, ಅದು ನನ್ನ ಮನಃಪೂರ್ವಕ ಅಭಿಪ್ರಾಯ—"

"ಸರ್ಕಾರಿ ನೌಕರನಿಗೆ ಮನಃಪೂರ್ವಕ ಅಭಿಪ್ರಾಯ ಎಲ್ಲಿಂದ ಬಂತ್ರೀ? ಕೂತ್ಕೊಳ್ಳಿ. ಬರೀರಿ." ಅಧಿಕಾರಿಗಳು ಎದ್ದು, ಕೈ ಹಿಂದೆ ಕಟ್ಟಿ ಓಡಾಡುತ್ತಾ ಹೇಳಿ ಬರೆಸಿದರು: "ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಮುಂಬರುವ ಸೆಮಿಫೈನಲ್ ಪಂದ್ಯದಲ್ಲಿ ನಮ್ಮ ತಂಡವು ಸೋಲುವುದೆಂದು ನಾನು ಯಾರ ಒತ್ತಾಯವೂ ಇಲ್ಲದೆ..."

"ಸಾರ್, ಒತ್ತಾಯ—"

"ಒತ್ತಾಯವೂ ಇಲ್ಲದೆ! ಬರೀರಿ. ಸ್ವಬುದ್ಧಿಯಿಂದ ನಂಬಿರುತ್ತೇನೆ. ಕೆಳಗೆ ರುಜು ಮಾಡಿ."

ರುಜು ಬಿತ್ತು. ಇಲಾಖೆಯ ಮುದ್ರೆ ಬಿತ್ತು. ರವಾನೆ ಸಂಖ್ಯೆಯೂ ಬಿತ್ತು. ತೂಕದಲ್ಲಿ ಮೋಸವಿಲ್ಲವೆಂದು ಸಾರುವ ಆ ಮುದ್ರೆ ಅಷ್ಟು ದೊಡ್ಡ ಸುಳ್ಳಿನ ಮೇಲೆ ಹಿಂದೆಂದೂ ಬಿದ್ದಿರಲಿಲ್ಲ. ನಮ್ಮ ತಂಡ ಎಂಟು ವಿಕೆಟ್‌ಗಳಿಂದ ಗೆದ್ದಿತು.

ಇನ್ನು ಉಳಿದದ್ದು ಬೆನ್ನುನೋವು. ಹೊರಡುವ ಎರಡು ದಿನ ಮುಂಚೆ ಸಾಹೇಬರು ಮಂಚದಿಂದ ಏಳುವಾಗ "ಅಮ್ಮಾ" ಎಂದು ಅಲ್ಲೇ ಬಾಗಿ ನಿಂತರು. ಹೆಂಡತಿ ಅವರನ್ನು ಹಾಗೆ ಬಾಗಿದ ಭಂಗಿಯಲ್ಲೇ ಬೀದಿ ತಿರುವಿನ ಡಾಕ್ಟರ ಬಳಿ ನಡೆಸಿಕೊಂಡು ಹೋದರು. ಡಾಕ್ಟರು ಬೆನ್ನು ತಟ್ಟಿದರು, ಕುಟ್ಟಿದರು, ನಾಲಿಗೆ ಚಾಚಿಸಿದರು. ಬೆನ್ನುನೋವಿಗೂ ನಾಲಿಗೆಗೂ ಏನು ಸಂಬಂಧ ಎಂದು ಕೇಳುವ ಸ್ಥಿತಿಯಲ್ಲಿ ಸಾಹೇಬರು ಇರಲಿಲ್ಲ.

"ಇದಕ್ಕೆ ಮಾತ್ರೆ ಇಲ್ಲ," ಡಾಕ್ಟರು ಚೀಟಿ ಬರೆಯುತ್ತಾ ಅಂದರು. "ಬೆಟ್ಟದ ಗಾಳಿ ಬೇಕು. ಮೂರು ದಿನ. ದಿನಕ್ಕೆರಡು ಸಲ ಹತ್ತಿ ಇಳೀಬೇಕು. ಊಟಕ್ಕೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ."

ಸಾಹೇಬರ ಬೆನ್ನು ತಟ್ಟನೆ ನೆಟ್ಟಗಾಯಿತು. ಆದರೆ ಚೀಟಿ ಹೆಂಡತಿಯ ಕೈ ಸೇರಿಯಾಗಿತ್ತು.

ಬಸ್ಸು ಹತ್ತುವ ಮೊದಲು ಹೆಂಡತಿ ಒಂದು ಷರತ್ತು ಹಾಕಿದರು. "ಬಾಲು, ಬ್ಯಾಟು, ಸೋಲು, ಗೆಲುವು. ಈ ನಾಲ್ಕು ಮಾತು ವಾಪಸ್ ಬರೋ ತನಕ ನಿಮ್ಮ ಬಾಯಿಂದ ಬರಕೂಡದು. ನನ್ನಾಣೆ." ಸಾಹೇಬರು ಆಣೆಯಿಟ್ಟರು. ಬೀಳ್ಕೊಡಲು ಬೀದಿಗೆ ಬೀದಿಯೇ ಬಸ್ ನಿಲ್ದಾಣಕ್ಕೆ ಬಂದಿತ್ತು. ಫೈನಲ್‌ನ ಮಾತು ಈಗಲೇ ಹೇಳಿಬಿಡಿ ಎಂದು ಸಲೂನಿನಾತ ಕಣ್ಣಲ್ಲೇ ಬೇಡಿದ. ಪಕ್ಕದಲ್ಲಿ ಹೆಂಡತಿ. ಸಾಹೇಬರು ಬಸ್ಸಿನ ಕಿಟಕಿಯಿಂದ ಹೆಬ್ಬೆರಳನ್ನು ನೆಲದ ಕಡೆ ತೋರಿಸಿದರು. ಜನ ಹೋ ಎಂದರು. ಆದರೆ ಹೆಡ್ಮಿಸ್ಸು ತಲೆಯಾಡಿಸಿದರು: "ಸನ್ನೆ ನಡೆಯಲ್ಲ. ಇದುವರೆಗಿನ ಅಷ್ಟೂ ಸಲ ಮಾತಲ್ಲಿ ಇಲ್ಲವೇ ಬರಹದಲ್ಲಿ ಬಂದಿದೆ. 'ಸೋಲು' ಅನ್ನೋ ಧಾತು ಬರಲೇಬೇಕು."

ವಸತಿಗೃಹ ನಡೆಸುತ್ತಿದ್ದವರು ಒಬ್ಬ ಅಜ್ಜಿ. ಹೆಂಡತಿ ಕೋಣೆಗೆ ಹೋದದ್ದೇ ತಡ, ಸಾಹೇಬರು ಪಿಸುಗುಟ್ಟಿದರು: "ಅಜ್ಜಿ, ಟೀವಿ?"

"ಇತ್ತಪ್ಪ. ಮಂಗ ಬಂದು ಆಂಟೆನಾ ಕಿತ್ಕೊಂಡು ಹೋಯ್ತು. ಆಮೇಲೆ ಟೀವಿ ಮೇಲೆ ಹೂವಿನ ಕುಂಡ ಇಟ್ಟಿದೀನಿ. ಚೆನ್ನಾಗಿದೆ, ನೋಡು."

"ಫೋನು?"

"ಇಲ್ಲಿ ಸಿಗಲ್ಲ. ಬೆಟ್ಟದ ನೆತ್ತಿ ಮೇಲೆ ಒಂದು ಬಂಡೆ ಇದೆ. ಅದರ ಮೇಲೆ ನಿಂತು ಎಡಗೈ ಎತ್ತಿದ್ರೆ ಸಿಗುತ್ತೆ. ಬಲಗೈ ಎತ್ತಿದ್ರೆ ಸಿಗಲ್ಲ, ಯಾಕೋ ಗೊತ್ತಿಲ್ಲ."

"ನೆತ್ತಿಗೆ ಎಷ್ಟು ಮೆಟ್ಟಿಲು ಅಜ್ಜಿ?"

"ನಾನ್ನೂರ ಹತ್ತು. ಕಣಿವೆ ಪೂರ್ತಿ ಕಾಣೋದೂ ಅಲ್ಲಿಂದಲೇ. ಆದ್ರೆ ಈ ದಿನಗಳಲ್ಲಿ ಮಂಜು ಬಿಡೋದೇ ಇಲ್ಲ. ದಿನಕ್ಕೆ ಒಂದ್ಸಲ, ಎರಡು ನಿಮಿಷ ಬಿಟ್ರೆ ನಿಮ್ಮ ಪುಣ್ಯ."

ಮಾರನೆಯ ದಿನ, ಫೈನಲ್‌ನ ಮಧ್ಯಾಹ್ನ, ಸಾಹೇಬರೇ ಮುಂದಾಗಿ "ನಡಿ, ನೆತ್ತಿಗೆ ಹೋಗೋಣ" ಅಂದಾಗ ಹೆಂಡತಿ ಅವರ ಹಣೆ ಮುಟ್ಟಿ ನೋಡಿದರು. ಬೆನ್ನುನೋವಿನ ರೋಗಿ ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರುತ್ತಾ ಹತ್ತಿದರು. ಹೆಂಡತಿ ನಡುನಡುವೆ ನಿಂತು, ಎಲೆ ತೋರಿಸಿ, ಹಕ್ಕಿ ತೋರಿಸಿ, ಮಂಜಿನ ವಾಸನೆ ನೋಡಿ ಅಂದರು. ಸಾಹೇಬರ ಲಕ್ಷ್ಯವೆಲ್ಲ ಗಡಿಯಾರದ ಮೇಲೆ.

"ಅಲ್ಲ ಕಣೇ," ಏದುಸಿರು ಬಿಡುತ್ತಾ ಅವರು ಅಂದರು, "ಕಣಿವೆ ಅಂದ್ರೆ ಏನು ಹೇಳು? ಎರಡು ಬೆಟ್ಟದ ನಡುವೆ ಬಿಟ್ಟಿರೋ ಖಾಲಿ ಜಾಗ. ಖಾಲಿ ಜಾಗಕ್ಕೆ ತೂಕ ಎಷ್ಟು? ಸೊನ್ನೆ."

"ಕಂಡ ಮೇಲೆ ಹೇಳಿ."

"ಕಂಡ್ರೂ ಇದೇ ಹೇಳ್ತೀನಿ. ಪಂದ್ಯ ಕಟ್ಟು ಬೇಕಾದ್ರೆ."

"ಆಯ್ತು. ಕಟ್ಟಿದೆ," ಅಂದರು ಹೆಂಡತಿ.

ನೆತ್ತಿಯ ಮೇಲೆ ಮಂಜೋ ಮಂಜು. ನಾಲ್ಕು ಹೆಜ್ಜೆ ಆಚೆಗೆ ಏನೂ ಕಾಣುತ್ತಿರಲಿಲ್ಲ. ಎಲ್ಲಿಂದಲೋ ಬಂದ ಪ್ರವಾಸಿಗರ ಗುಂಪೊಂದು ಒಬ್ಬರನ್ನೊಬ್ಬರು ಕೂಗಿ ಹುಡುಕುತ್ತಿತ್ತು. ಸಾಹೇಬರು ತಡಕಾಡಿ ಬಂಡೆ ಹತ್ತಿ, ಎಡಗೈ ಎತ್ತಿದ್ದೇ ತಡ, ಜೇಬಿನೊಳಗೆ ಫೋನು ಗಿಲಗಿಲ ಅಂದಿತು.

"ಯಾರ್ರೀ?" ಅಂದರು ಹೆಂಡತಿ.

"ಆಫೀಸು. ಯಾವುದೋ ಫೈಲು."

ಫೋನಿನ ಆ ತುದಿಯಲ್ಲಿ ಇಡೀ ಬೀದಿ ಸಲೂನಿನೊಳಗೆ ತುರುಕಿಕೊಂಡಿತ್ತು. ಹೆಡ್ಮಿಸ್ಸು ಜೀವಮಾನದಲ್ಲಿ ಮೊದಲ ಸಲ ಸಲೂನಿನ ತಿರುಗುವ ಕುರ್ಚಿಯಲ್ಲಿ ಕೂತಿದ್ದರು. ಮೇಲಧಿಕಾರಿಗಳು ಕಾಲಿಡಲು ಜಾಗವಿಲ್ಲದೆ ಕೈತೊಳೆಯುವ ತೊಟ್ಟಿಯ ಅಂಚಿನ ಮೇಲೆ ಕೂತಿದ್ದರು. ಸಲೂನಿನಾತನ ದನಿ ಅಳುವಿಗೆ ಹತ್ತಿರವಾಗಿತ್ತು.

"ಸಾರ್! ಎಲ್ಲಿದ್ರಿ ಸಾರ್ ಇಷ್ಟೊತ್ತು? ಎರಡು ಗಂಟೆಯಿಂದ ಮಾಡ್ತಿದೀವಿ! ಒಂಬತ್ತು ವಿಕೆಟ್ ಹೋಯ್ತು ಸಾರ್. ಕೊನೇ ಓವರು. ನಾಲ್ಕು ಬಾಲಿಗೆ ಹನ್ನೊಂದು ರನ್ ಬೇಕು. ಹೇಳಿಬಿಡಿ ಸಾರ್, ಸೋಲ್ತೀವಿ ಅಂತ!"

ಸಾಹೇಬರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಇವರ ಬಾಯಿಯ ಕಡೆಯೇ ನೋಡುತ್ತಿದ್ದರು.

"ಆ ಫೈಲಾ?" ಅಂದರು ಸಾಹೇಬರು. "ಆ ಫೈಲು... ಆ ಫೈಲು ಬಿದ್ದು ಹೋಗುತ್ತೆ ಅಂತ ಬರ್ಕೊಳ್ಳಿ."

ಆ ಕಡೆ ಗುಸುಗುಸು. ಹೆಡ್ಮಿಸ್ಸಿನ ದನಿ ಕೇಳಿಸಿತು: "'ಬಿದ್ದು ಹೋಗುತ್ತೆ' ನಡೆಯಲ್ಲ. ಧಾತು ಬಂದಿಲ್ಲ."

"ಸಾರ್, ಒಂದು ಬಾಲು ಹೋಯ್ತು, ರನ್ ಬರಲಿಲ್ಲ!"

"ಆ ಫೈಲು ನಪಾಸು! ಮುಳುಗಿತು! ನೆಲಕಚ್ಚಿತು!" ಸಾಹೇಬರು ಬೆವೆತರು.

"ಎಂಥ ಫೈಲ್ರೀ ಅದು, ಮುಳುಗೋದು?" ಅಂದರು ಹೆಂಡತಿ.

"ನೀರಾವರಿದು."

ಅಷ್ಟರಲ್ಲಿ ಎಡಗೈ ಎತ್ತಿ ಬಂಡೆಯ ಮೇಲೆ ನಿಂತ ಇವರನ್ನು ಕಂಡ ಪ್ರವಾಸಿಗರು, ಇಲ್ಲಿಗೆ ಬಂದವರು ಹೀಗೇ ನಿಲ್ಲಬೇಕೇನೋ ಎಂದುಕೊಂಡು ತಾವೂ ಒಬ್ಬೊಬ್ಬರಾಗಿ ಎಡಗೈ ಎತ್ತಿ ಫೋಟೋ ತೆಗೆಸಿಕೊಳ್ಳಲು ಶುರು ಮಾಡಿದರು. ಮಂಜಿನೊಳಗೆ ಹದಿನೈದಿಪ್ಪತ್ತು ಎಡಗೈಗಳು.

"ಸಾರ್, ಇನ್ನೊಂದು ಬಾಲು, ಒಂದೇ ರನ್! ಎರಡು ಬಾಲಿಗೆ ಹತ್ತು! ನಿಮ್ಮ ದಮ್ಮಯ್ಯ ಸಾರ್, ಒಂದೇ ಒಂದು ಮಾತು!"

ಮೇಲಧಿಕಾರಿ ಫೋನು ಕಿತ್ತುಕೊಂಡರು. "ಏನ್ರೀ, ಇದು ಆದೇಶ! ಹೇಳ್ರೀ!"

ಒಂದು ಕಡೆ ದೇಶ, ಇನ್ನೊಂದು ಕಡೆ ಹೆಂಡತಿಯ ಆಣೆ. ಹತ್ತೊಂಬತ್ತು ವರ್ಷ ತೂಗಿದ ಮನುಷ್ಯನಿಗೆ ಈ ಎರಡರಲ್ಲಿ ಯಾವುದು ಭಾರ ಎಂದು ತಿಳಿಯಲಿಲ್ಲ. ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಆಗ ಹೆಂಡತಿ ಅವರ ಎತ್ತಿದ ತೋಳನ್ನು ಗಟ್ಟಿಯಾಗಿ ಹಿಡಿದು, "ರೀ! ರೀ, ಕಣ್ಣು ಬಿಡ್ರೀ! ಬಿಡ್ತು ಕಣ್ರೀ, ಮಂಜು ಬಿಡ್ತು!" ಎಂದು ಅಲುಗಾಡಿಸಿದರು.

ಸಾಹೇಬರು ಕಣ್ಣು ಬಿಟ್ಟರು.

ಯಾರೋ ಬಿಳಿ ಪರದೆಯನ್ನು ಎರಡು ಕಡೆಗೂ ಸರಸರನೆ ಎಳೆಯುತ್ತಿದ್ದಾರೇನೋ ಎಂಬ ಹಾಗೆ ಮಂಜು ಸರಿಯುತ್ತಿತ್ತು. ಕೆಳಗೆ, ಬಹಳ ಕೆಳಗೆ, ಹಸಿರು. ಒಂದು ಹಸಿರಲ್ಲ, ಎಣಿಸಲಾಗದಷ್ಟು ಹಸಿರು, ಒಂದರ ಮೇಲೊಂದು ಇಳಿದು, ಕಡಿದಾದ ಬದುಗಳನ್ನು ಹಾರಿ, ತಳದಲ್ಲಿ ಮಿಂಚುವ ನದಿಯವರೆಗೆ. ನದಿ ತನಗೆ ಏನೂ ಅವಸರವಿಲ್ಲವೆಂಬಂತೆ ತಿರುತಿರುಗಿ ಹರಿಯುತ್ತಿತ್ತು. ಎದುರಿನ ಬೆಟ್ಟದಿಂದ ಜಲಪಾತವೊಂದು ಸದ್ದೇ ಇಲ್ಲದೆ ಬೀಳುತ್ತಿತ್ತು. ಮೋಡದ ನೆರಳೊಂದು ಇಡೀ ಕಣಿವೆಯ ಮೇಲೆ ಮೆಲ್ಲಗೆ ನಡೆದು ಹೋಯಿತು.

"ಈಗ ಹೇಳಿ," ಅಂದರು ಹೆಂಡತಿ. "ಖಾಲಿ ಜಾಗಾನಾ ಇದು?"

ಸಾಹೇಬರು ಹೆಂಡತಿಯ ಕಡೆ ತಿರುಗಿದರು. ಇದನ್ನು ನೋಡಬೇಕೆಂದು ಈಕೆ ಹನ್ನೊಂದು ವರ್ಷ ಕೇಳಿದ್ದಳು. ಹನ್ನೊಂದು ವರ್ಷ ನಾನು ಇದನ್ನು ಟೀವಿಯ ಪೆಟ್ಟಿಗೆಗೆ ಹೋಲಿಸಿ, ಕಡಿಮೆ ತೂಕದ್ದೆಂದು ಪಕ್ಕಕ್ಕಿಟ್ಟಿದ್ದೆ.

"ಸೋತೆ ಕಣೇ," ಅಂದರು ಅವರು, ಮನಸ್ಸು ತುಂಬಿ, ದೊಡ್ಡ ದನಿಯಲ್ಲಿ. "ಸೋತೆ. ಪೂರ್ತಿ ಸೋತುಹೋದೆ!"

ಫೋನಿನೊಳಗೆ ಹೆಡ್ಮಿಸ್ಸು "ಬಂತು! ಧಾತು ಬಂತು!" ಎಂದು ಚೀರಿದರು. ಸಾಹೇಬರಿಗೆ ಅದು ಕೇಳಿಸಲಿಲ್ಲ. ಅವರ ಎಡಗೈ ತಾನಾಗಿಯೇ ಇಳಿದು ಹೆಂಡತಿಯ ಹೆಗಲ ಮೇಲೆ ಕೂತಿತ್ತು. ಫೋನು ಸತ್ತ ಹಾಗೆ ಸುಮ್ಮನಾಯಿತು. ಎರಡು ನಿಮಿಷ ಅವರಿಗೆ ವಿಶ್ವಕಪ್ ಎಂಬುದೊಂದು ಇದೆಯೆಂಬುದೇ ನೆನಪಿರಲಿಲ್ಲ. ಇದನ್ನು ನಂಬುವುದು ಕಷ್ಟ, ಆದರೆ ಪಕ್ಕದಲ್ಲಿದ್ದ ಹೆಂಡತಿಯೇ ಇದಕ್ಕೆ ಸಾಕ್ಷಿ. ಆಕೆ ಇಂಥ ವಿಷಯದಲ್ಲಿ ರಿಯಾಯಿತಿ ತೋರಿಸುವ ಪೈಕಿ ಅಲ್ಲ.

ಮಂಜು ಮತ್ತೆ ಮುಚ್ಚಿಕೊಂಡಿತು. ಸಾಹೇಬರು ಕನಸಿನಿಂದ ಎದ್ದವರಂತೆ ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಎಡಗೈ ಎತ್ತಿದರು. ಫೋನು ಬೊಬ್ಬಿಟ್ಟಿತು. ಒಳಗಿಂದ ಡೋಲು ಬಡಿದಂಥ ಸದ್ದು, ಶಿಳ್ಳೆ, ಯಾರೋ ಬಿಕ್ಕಿ ಬಿಕ್ಕಿ ಅಳುವ ಸದ್ದು. ಇಸ್ತ್ರಿಯವನಿರಬೇಕು.

"ಸಾರ್! ನೀವು ಸೋತೆ ಅಂದ್ರಲ್ಲ, ಬೌಂಡರಿ! ಸೋತುಹೋದೆ ಅಂದ್ರಲ್ಲ, ಸಿಕ್ಸರ್ ಸಾರ್, ಸಿಕ್ಸರ್! ವಿಶ್ವಕಪ್ ನಮ್ದು!"

ಸಾಹೇಬರು ಬಂಡೆಯ ಮೇಲೆಯೇ ಕುಸಿದು ಕೂತರು. ಸಂಪರ್ಕ ಕಡಿದುಹೋಯಿತೆಂದು ನೆನಪಾಗಿ ಮತ್ತೆ ಎದ್ದು ಕೈ ಎತ್ತಿದರು. ಈಗ ಡಾಕ್ಟರ ದನಿ: "ಏನ್ ಸಾರ್, ಬೆನ್ನು ಹೇಗಿದೆ? ನಿಮ್ಮ ಮನೆಯವರು ಹಿಂದಿನ ದಿನವೇ ಬಂದು ಹೇಳಿದ್ರು, ನಾಳೆ ಬೆನ್ನುನೋವು ಅಂತ ಬರ್ತಾರೆ, ಬೆಟ್ಟದ ಗಾಳಿ ಬರೆದುಕೊಡಿ ಅಂತ. ಒಳ್ಳೆ ಕೆಲಸ ಮಾಡ್ತು ಚೀಟಿ!"

ಸಾಹೇಬರು ಹೆಂಡತಿಯನ್ನು ನೋಡಿದರು. "ನಿನಗೆ... ಮೊದಲೇ ಗೊತ್ತಿತ್ತಾ?"

"ಐದನೇ ವರ್ಷ ಇದೇ ಬೆನ್ನುನೋವು ಬಂದಿತ್ತು," ಅಂದರು ಹೆಂಡತಿ. "ಎಂಟನೇ ವರ್ಷ ಹಲ್ಲುನೋವು. ಈಗ ಕಣ್ಣಲ್ಲಿ ನೀರು ಬಂದಿದೆಯಲ್ಲ, ಇದು ಬೆಟ್ಟಕ್ಕೋ, ಕಪ್ಪಿಗೋ ಅಂತ ನಾನು ಕೇಳಲ್ಲ."

"ಬೆಟ್ಟಕ್ಕೇ ಕಣೇ. ಮುಕ್ಕಾಲು ಪಾಲು ಬೆಟ್ಟಕ್ಕೇ."

ಹೆಂಡತಿ ನಕ್ಕರು. ಅಷ್ಟರಲ್ಲಿ ಫೋನಿನೊಳಗಿಂದ ಮೇಲಧಿಕಾರಿಗಳ ಗುಡುಗು ಕೇಳಿಸಿತು: "ಏನ್ರೀ, ಇನ್ಮೇಲೆ ದೊಡ್ಡ ಪಂದ್ಯ ಇದ್ದಾಗಲೆಲ್ಲ ನೀವು ಪ್ರವಾಸಕ್ಕೆ ಹೋಗತಕ್ಕದ್ದು! ಅಲ್ಲಿಂದಲೇ ಫೋನಲ್ಲಿ ಹೇಳತಕ್ಕದ್ದು! ರಜೆ ಅಲ್ಲ, ಕರ್ತವ್ಯ ಅಂತಲೇ ಬರ್ಕೊಳ್ತೀನಿ! ಮನೆಯವರನ್ನೂ ಕರ್ಕೊಂಡೇ ಹೋಗಿ. ಅವರು ಪಕ್ಕದಲ್ಲಿದ್ರೇನೇ ನಿಮ್ಮ ಬಾಯಿಂದ ಮಾತು ಸರಿಯಾಗಿ ಹೊರಡೋದು!"

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂಡೆ ಹತ್ತಿ, ಗಂಡನ ಕೈಯಿಂದ ಫೋನು ತೆಗೆದುಕೊಂಡು ಎಡಗೈ ಎತ್ತಿದರು.

"ನಮಸ್ಕಾರ ಸಾರ್. ನಾನು ಇವರ ಮನೆಯವರು. ಈ ವಿಶ್ವಕಪ್ ಅನ್ನೋದು ಮತ್ತೆ ಯಾವಾಗ ಸಾರ್?"

"ನಾಲ್ಕು ವರ್ಷಕ್ಕಮ್ಮ."

"ಅಯ್ಯೋ ಪಾಪ, ನಾಲ್ಕು ವರ್ಷ! ಅಲ್ಲಿ ತನಕ ಹುಡುಗರು ಸುಮ್ನೆ ಕೂತಿರ್ತಾರಾ?"

"ಎಲ್ಲಿ ಸುಮ್ನೆ ಕೂರ್ತಾರಮ್ಮ! ಸರಣಿ ಮೇಲೆ ಸರಣಿ. ಮಾರ್ಚಿನಲ್ಲಿ ಒಂದು, ಜೂನಿನಲ್ಲಿ ಒಂದು, ಅಕ್ಟೋಬರಿನಲ್ಲಂತೂ ಎರಡು!"

"ಒಂದ್ನಿಮಿಷ ಸಾರ್." ಹೆಂಡತಿ ಪಕ್ಕದಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದರು. "ರೀ, ಪೆನ್ನು ತೆಗೀರಿ. ಬರ್ಕೊಳ್ಳಿ. ಮಾರ್ಚ್, ಜೂನ್, ಅಕ್ಟೋಬರ್ ಎರಡು."

ತೂಕದ ಸಾಹೇಬರು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ವಿಧೇಯರಾಗಿ ಬರೆದುಕೊಂಡರು.

ಹೆಂಡತಿ ಮತ್ತೆ ಫೋನು ಕಿವಿಗಿಟ್ಟು, ಬಹಳ ಮರ್ಯಾದೆಯಿಂದ ಕೇಳಿದರು: "ಜೂನಲ್ಲಿ ಸಮುದ್ರ ಆದ್ರೆ ಆಗುತ್ತಾ ಸಾರ್, ಇಲ್ಲ ಬೆಟ್ಟಾನೇ ಆಗ್ಬೇಕಾ?"